ಹೊಸ್ತಿಲ ಮೇಲೆ ಅಕ್ಕನ ಪರೀಕ್ಷೆ

ನಾನಿನ್ನೂ ಚಿಕ್ಕವಳು, ನೀಲಿ ಸ್ಕರ್ಟು ತೊಟ್ಟು ಬೀದರಿನ ಕಾನ್ವೆಂಟಿಗೆ ಹೋಗುತ್ತಿದ್ದೆ. ಆ ವರ್ಷ ಅಕ್ಕ ಅದೇ ಕಾನ್ವೆಂಟಿನಲ್ಲಿ ಓದಿ ಹೈಸ್ಕೂಲಿನ ಕೊನೆಯ ಪರೀಕ್ಷೆಯಲ್ಲಿ ಫೇಲಾದಳು. ಅದೂ ಕನ್ನಡದಲ್ಲಿ. ಮ್ಯಾಥ್ಸ್, ಇಂಗ್ಲಿಷ್ ಎಲ್ಲ ಪಾಸ್. ಚಿಕ್ಕಂದಿನಲ್ಲಿ ಔರಾದಿನ ಅಜ್ಜಿಯ ಹತ್ತಿರ ಬೆಳೆದಿದ್ದ ಅಕ್ಕ ಮಾತಿಗೆ ಕೂತರೆ ಓಣಿಯ ಹೆಂಗಸರು ಒಲೆ ಮರೆತು ಕೇಳುತ್ತಿದ್ದರು. ಪರೀಕ್ಷೆಯಲ್ಲೂ ಹಾಗೇ, ಪುಸ್ತಕದ ಭಾಷೆ ಬಿಟ್ಟು ತನ್ನ ಮಾತಿನಲ್ಲಿ ಉತ್ತರ ಬರೆದು ಬಂದಿದ್ದಳು. ನಾನೋ, ನೋಟ್ಸ್ ಬೈಹಾರ್ಟ್ ಮಾಡುವವಳು. ಕನ್ನಡದಲ್ಲಿ ಯಾವಾಗಲೂ ಫಸ್ಟ್.

"ಇನ್ನೊಮ್ಮೆ ಪರೀಕ್ಷಾ ಕಟ್ತೇನ್ರಿ ಅಪ್ಪ," ಎಂದು ಅಕ್ಕ ಬೇಡಿಕೊಂಡಳು. ಟೀಚರ್ ಆಗುವ ಆಸೆ ಅವಳಿಗೆ.

"ತನ್ನ ಭಾಷಾನೇ ಬರದಾಕಿ ಮಂದಿಗೆ ಏನ ಕಲಸ್ತಿ?" ಎಂದರು ಅಪ್ಪ. ಅಷ್ಟರಲ್ಲಿ ಭಾಲ್ಕಿಯಿಂದ ಸಂಬಂಧ ಬಂತು. ಒಪ್ಪಿಬಿಟ್ಟರು.

ಮದುವೆ ಮುಗಿಸಿ ಅಕ್ಕನನ್ನು ಭಾಲ್ಕಿಯ ಮನೆಗೆ ಕರೆದೊಯ್ದೆವು. ಬಿಸಿಲಿಗೆ ಕಾದ ಕಲ್ಲಿನ ಮೆಟ್ಟಿಲು, ಒಳಗಿಂದ ಬುಂದಿ ಕರಿಯುವ ವಾಸನೆ, ಬಾಗಿಲಲ್ಲಿ ಆರತಿಯ ಕೆಂಪು ನೀರು ಹಿಡಿದ ಅತ್ತೆ. ಹೊಸ ಸೊಸೆ ಒಡಪು ಹೇಳಬೇಕು, ಅಂದರೆ ಗಂಡನ ಹೆಸರನ್ನು ಪದ್ಯದಲ್ಲಿ ಕಟ್ಟಿ ಹೇಳಬೇಕು. ಆಮೇಲೇ ಒಳಗೆ ಪ್ರವೇಶ.

"ಕಾನ್ವೆಂಟಿನಾಕಿ, ಒಡಪು ಬರ್ತದೇನವಾ? ಇಲ್ಲಂದ್ರ ಇಂಗ್ಲಿಷಿನ್ಯಾಗ ಹೇಳು, ನಮ್ಮ ಎಮ್ಮಿಗಾದ್ರೂ ತಿಳೀತದ," ಎಂದಳು ನಾದಿನಿ. ಎಲ್ಲರೂ ನಕ್ಕರು. ಅಪ್ಪ ನೆಲ ನೋಡುತ್ತ ನಿಂತರು.

ಅಕ್ಕ ಸೆರಗು ಸರಿಮಾಡಿಕೊಂಡು, ನಿಂತಲ್ಲೇ ಕಟ್ಟಿ ಹೇಳಿದಳು:

"ಬೀದರ ಕೋಟಿ ಕಲ್ಲು ಕೆಂಪ, ಭಾಲ್ಕಿ ಹೊಲದ ಮಣ್ಣು ಕಪ್ಪ,
ಕನ್ನಡದಾಗ ಫೇಲಾದ ಮಗಳ ತಂದು ನಿಲ್ಲಿಸ್ಯಾರ ನಮ್ಮಪ್ಪ.
ಹೊಸ್ತಿಲ ಮ್ಯಾಲ ಇದೊಂದ ಪರೀಕ್ಷಾ, ಪಾಸ್ ಮಾಡ್ರಿ ಅತ್ತಿ…"

ಕೊನೆಯ ಸಾಲಿನಲ್ಲಿ ಭಾವನ ಹೆಸರಿಟ್ಟು, "ಒಳಗ ಕರೀರಿ ಆರತಿ ಎತ್ತಿ," ಎಂದು ಮುಗಿಸಿದಳು. ಅತ್ತೆ ನಗು ತಡೆಯಲಾರದೆ ಆರತಿಯ ನೀರು ಚೆಲ್ಲಿಕೊಂಡರು. "ಪಾಸಾದಿ ಬಾರವಾ, ಪಾಸಾದಿ," ಎಂದು ಕೈಹಿಡಿದು ಒಳಗೆ ಕರೆದುಕೊಂಡರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ ನನ್ನ ಪಕ್ಕ ಕೂತಿದ್ದರು. ಬೀದರಿನ ದೀಪಗಳು ಕಂಡಾಗ ಮೆಲ್ಲಗೆ ಹೇಳಿದರು: "ಇನ್ನೊಮ್ಮೆ ಪರೀಕ್ಷಾ ಕಟ್ಟಸಬೇಕಾಗಿತ್ತವಾ."

ಮೊಮ್ಮಕ್ಕಳೇ, ನಿಮ್ಮ ಕಾಲ ಬೇರೆ. ಫೇಲಾದರೂ ಮತ್ತೆ ಬರೆಯಬಹುದು, ಯಾರೂ ಹೊಸ್ತಿಲಿಗೆ ಕರೆದೊಯ್ದು ನಿಲ್ಲಿಸುವುದಿಲ್ಲ. ನಿಮ್ಮಲ್ಲಿ ದೊಡ್ಡವಳಿಗಂತೂ ಈ ಸಲ ಕನ್ನಡದಲ್ಲಿ ಔಟ್ ಆಫ್ ಔಟ್. ಮೊನ್ನೆ ಭಾಲ್ಕಿಯಿಂದ ಅಕ್ಕ ವಿಡಿಯೋ ಕಾಲ್ ಮಾಡಿ, "ಏನೇನ ಬರದಿ, ನನಗೂ ಒಂಚೂರು ಹೇಳವಾ," ಎಂದಳು. ಇವಳು, "ನೋಟ್ಸ್‌ನಲ್ಲಿ ಇದ್ದದ್ದೇ ಅಜ್ಜಿ," ಎಂದು ಫೋನು ನನ್ನ ಕೈಗಿತ್ತಳು.

"ಆ ಮಾರ್ಕ್ಸ್ ನನಗ ಕೊಡವಾ, ನನ್ನ ಮಾತೆಲ್ಲಾ ನೀ ತಗೋ," ಎಂದು ಅಕ್ಕ ಫೋನಿನಿಂದಲೇ ಅವಳಿಗೆ ಕೂಗಿ ಹೇಳಿದಳು.

ನೀವೆಲ್ಲ ನಕ್ಕಿರಿ. ಫೋನಿನೊಳಗೆ ಅಕ್ಕ ನಗಲಿಲ್ಲ.