ಬೋಲ್ಟಣ್ಣನ ಹೆಡ್‌ಲೈಟು ಹರಾಜಾದದ್ದು

ಅರವತ್ತು ದಾಟಿದ ಮೇಲೆ ಬೋಲ್ಟಣ್ಣನಿಗೆ ಉಳಿದಿದ್ದು ಒಂದೇ ಆಸೆ. ಮಧ್ಯಾಹ್ನ ಮಲಗಬೇಕು. ಊಟವಾದ ಮೇಲೆ ಗೋಡೆ ಕಡೆ ಮುಖ ಮಾಡಿ, ದೀಪ ಹತ್ತಿಸುವ ಹೊತ್ತಿನವರೆಗೆ, ಜಗತ್ತು ಮುಳುಗಿದರೂ ತಿರುಗಿ ನೋಡದ ಹಾಗೆ ಮಲಗಬೇಕು. ಅವನು ರಾಜ್ಯ ಕೇಳಲಿಲ್ಲ, ಕೋಶ ಕೇಳಲಿಲ್ಲ. ಹಳೆಯ ಕಾರುಗಳನ್ನು ಬಿಚ್ಚಿ, ತಿಕ್ಕಿ, ಜೋಡಿಸಿ ಹೊಸದರ ಹಾಗೆ ಮಾಡುವ ಕಸುಬಿನಲ್ಲಿ ನಡು ಬಗ್ಗಿ ಹೋದ ಮನುಷ್ಯ ಇಷ್ಟು ಕೇಳಿದರೆ ದೇವರಿಗೂ ದುಬಾರಿ ಅನಿಸಬಾರದು. ಆದರೆ ಅವನಿಗೂ ಆ ನಿದ್ದೆಗೂ ನಡುವೆ ಒಂದು ಕಾರು ಅಡ್ಡ ನಿಂತಿತ್ತು. ಆ ಕಾರಿಗೆ ಕಣ್ಣಿರಲಿಲ್ಲ.

ಕಾರು ಒಬ್ಬ ನಿವೃತ್ತ ಮೇಷ್ಟ್ರದ್ದು. ಅವರಪ್ಪ ಕೊಂಡದ್ದು. ಶೆಡ್ಡಿಗೆ ಬಂದ ದಿನ ಅದರ ಹಿಂದಿನ ಸೀಟಿನಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು. ಮುಂದಿನ ಎರಡು ಹೆಡ್‌ಲೈಟುಗಳನ್ನು ಯಾವ ಪುಣ್ಯಾತ್ಮ ಯಾವ ಕಾಲದಲ್ಲಿ ಕಿತ್ತುಕೊಂಡು ಹೋಗಿದ್ದನೋ, ಆ ಜಾಗದಲ್ಲಿ ಎರಡು ತೂತುಗಳಿದ್ದವು. ಬೋಲ್ಟಣ್ಣ ಇಂಜಿನ್ ಬಿಚ್ಚಿದ, ಗೇರು ಬಿಚ್ಚಿದ, ಕೋಳಿಗೆ ಬೇರೆ ವ್ಯವಸ್ಥೆ ಮಾಡಿಸಿದ. ಕಾರು ಹೊಳೆಯಿತು, ಗುರುಗುಟ್ಟಿತು, ಶೆಡ್ಡಿನೊಳಗೇ ಒಂದಡಿ ಮುಂದೆ ಹೋಗಿ ಒಂದಡಿ ಹಿಂದೆ ಬಂತು. ಆದರೆ ಕುರುಡು.

"ಇದೇ ಕೊನೆ ಕಾರು. ಇದನ್ನ ಕಳಿಸಿದ ದಿನ ಶಟರ್ ಎಳೆಯೋದೇ," ಎಂದು ಹೆಂಡತಿಗೆ ಮಾತು ಕೊಟ್ಟಿದ್ದ.

"ಹೋದ ಕಾರಿಗೂ ಹೀಗೇ ಅಂದಿದ್ರಿ."

"ಅದು ಕೊನೆಯದಕ್ಕೆ ಹಿಂದಿನದು."

"ಪೇಟೇಲಿ ಸಾಲಾಗಿ ಲೈಟು ನೇತು ಹಾಕಿದಾರೆ. ಎರಡು ತಂದು ಸಿಕ್ಕಿಸಿ. ಮೇಷ್ಟ್ರಿಗೇನು ಗೊತ್ತಾಗುತ್ತಾ?"

"ಮೇಷ್ಟ್ರಿಗೆ ಗೊತ್ತಾಗಲ್ಲ ಕಣೇ. ಕಾರಿಗೆ ಗೊತ್ತಾಗುತ್ತೆ."

ಹೆಂಡತಿ ಕಾರಿನ ಕಡೆ ನೋಡಿದಳು, ಗಂಡನ ಕಡೆ ನೋಡಿದಳು, ಯಾರ ಜೊತೆ ಮಾತಾಡಿ ಪ್ರಯೋಜನವಿಲ್ಲವೆಂದು ಒಳಗೆ ಹೋದಳು.

ಮೇಷ್ಟ್ರು ದಿನಾ ಬೆಳಿಗ್ಗೆ ಬಂದು ಹಿಂದಿನ ಸೀಟಿನಲ್ಲಿ ಕೂತು ಪೇಪರ್ ಓದುತ್ತಿದ್ದರು. ಬಯ್ಯುವ ಜಾತಿಯವರಲ್ಲ. ಬೈದಿದ್ದರೆ ಬೋಲ್ಟಣ್ಣನಿಗೆ ಎಷ್ಟೋ ಹಗುರವಾಗುತ್ತಿತ್ತು. ಪೇಪರ್ ಮಡಿಸಿ ಇಳಿಯುವಾಗ "ಕಣ್ಣು ಬಂತೇನಪ್ಪಾ?" ಎಂದು ಆಸ್ಪತ್ರೆಯಲ್ಲಿ ಕೇಳುವ ದನಿಯಲ್ಲಿ ಕೇಳುವರು. ಅವರು ಕೊಡಬೇಕಾದ್ದನ್ನೆಲ್ಲ ಮೊದಲೇ ಕೊಟ್ಟಾಗಿತ್ತು. 'ಎಲ್ಲಾ ಸೇರಿ ಇಷ್ಟು' ಎಂದು ಧಾರಾಳವಾಗಿ ಬಾಯಿಬಿಟ್ಟವನು ಬೋಲ್ಟಣ್ಣನೇ. ಆ 'ಎಲ್ಲಾ' ಅನ್ನುವುದರೊಳಗೆ ಏನೇನಿರುತ್ತದೆಂದು ಆಗ ಅವನಿಗೂ ಗೊತ್ತಿರಲಿಲ್ಲ.

ಕೊನೆಗೂ ಹೆಡ್‌ಲೈಟುಗಳು ಸಿಕ್ಕಿದವು, ಸಮುದ್ರದಾಚೆ. ಗ್ಯಾರೇಜ್ ಖಾಲಿ ಮಾಡುತ್ತಿದ್ದ ಮುದುಕರೊಬ್ಬರು, ಹೋಟೆಲಿನಲ್ಲಿ ನಾಲ್ಕು ಜನ ಉಂಡೆದ್ದಷ್ಟು ದುಡ್ಡಿಗೆ ಜೋಡಿಯನ್ನು ಕೊಡಲು ಒಪ್ಪಿದರು. ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಬೋಲ್ಟಣ್ಣ ಕಸುಬಿನ ಮನುಷ್ಯ. ಹಳೆಯ ಗಾಜು, ಹಡಗಿನ ಪ್ರಯಾಣ, ಎತ್ತಿ ಬಿಸಾಡುವ ಹಮಾಲರು, ಎಲ್ಲವನ್ನೂ ಯೋಚಿಸಿ ಬೆವೆತ. ಪೆಟ್ಟಿಗೆಯ ಮೇಲೆ 'ಅತಿ ಅಪರೂಪದ ವಸ್ತು, ಇನ್ನೊಂದು ಸಿಗದು, ಜೋಪಾನ' ಎಂದು ಬರೆದು ಕಳಿಸಿ ಅಂತ ಮುದುಕರಿಗೆ ಕೈಮುಗಿದು ಕೇಳಿಕೊಂಡ. ಮುದುಕರು ಒಳ್ಳೆಯವರು. ಕೆಂಪು ಬಣ್ಣದಲ್ಲಿ, ಮೊಳದುದ್ದದ ಅಕ್ಷರದಲ್ಲಿ, ನಾಲ್ಕೂ ಕಡೆ ಬರೆದು ಕಳಿಸಿದರು.

ಗಾಜು ಒಡೆಯದೆ ಬಂತು. ಬೋಲ್ಟಣ್ಣ ಒಡೆದು ಹೋದ.

ಸುಂಕದ ಕಚೇರಿಯಲ್ಲಿ ಬೆಲೆ ನೋಡುವ ಅಧಿಕಾರಿಯೂ ಅವನಷ್ಟೇ ದಣಿದ ಮನುಷ್ಯ. ನೆಗಡಿ ಬೇರೆ. ಮೇಜಿನ ಮೇಲೆ ಮಾತ್ರೆ, ಕರ್ಚೀಫು, ಅವೆರಡರ ನಡುವೆ ಬೋಲ್ಟಣ್ಣನ ರಸೀದಿ.

"ಜೋಡಿಗೆ ಇಷ್ಟೇನಾ?"

"ಅಷ್ಟೇ ಸಾರ್. ಹಳೇ ಸಾಮಾನು."

"ಪೆಟ್ಟಿಗೆ ಮೇಲೆ ನಾಲ್ಕೂ ಕಡೆ ಅತಿ ಅಪರೂಪ ಅಂತಿದೆ. ಅತಿ ಅಪರೂಪದ್ದು ಇಷ್ಟಕ್ಕೆ ಬರುತ್ತೇನ್ರಿ?"

"ಅದು ಹಮಾಲರಿಗೋಸ್ಕರ ಸಾರ್. ಎತ್ತಿ ಹಾಕ್ತಾರಲ್ಲ ಅಂತ."

"ಹಮಾಲರು ಯಾರೂ ಓದಲಿಲ್ಲ. ನಾನು ಓದಿದೆ."

ಅಧಿಕಾರಿ ಮೂಗೊರೆಸಿಕೊಂಡು ಕಂಪ್ಯೂಟರ್ ಇತ್ತ ತಿರುಗಿಸಿದರು. ಎಲ್ಲೋ ಒಬ್ಬ ಕುಬೇರ, ಇಂಥದೇ ಹೆಡ್‌ಲೈಟು ಜೋಡಿಯನ್ನು ಒಂದು ಹೊಸ ಕಾರಿನ ಬೆಲೆ ಕೊಟ್ಟು ಕೊಂಡಿದ್ದ. ಪಕ್ಕದಲ್ಲಿ ಅವನ ಹಲ್ಲು ಕಾಣುವ ಫೋಟೋ.

"ಇಂಥವರಿಂದಲೇ ಸಾರ್ ನಾವು ಕೆಟ್ಟಿದ್ದು," ಎಂದ ಬೋಲ್ಟಣ್ಣ.

"ಇರಬಹುದು. ಆದರೆ ನನಗೆ ಬೆಲೆ ಸಿಗೋದು ಇಂಥವರಿಂದಲೇ," ಎಂದರು ಅಧಿಕಾರಿ, ಸ್ವಲ್ಪವೂ ಕೋಪವಿಲ್ಲದೆ.

ಆ ಬೆಲೆಗೆ ಹಡಗಿನ ಬಾಡಿಗೆ ಸೇರಿತು. ಒಟ್ಟು ಮೊತ್ತದ ಮೇಲೆ ಸುಂಕ ಬಿತ್ತು, ಸುಂಕದ ಮೇಲೆ ತೆರಿಗೆ ಬಿತ್ತು, ಬಳಸಿದ ಸಾಮಾನನ್ನು ಅನುಮತಿಯಿಲ್ಲದೆ ತರಿಸಿದ್ದಕ್ಕೆ ದಂಡ ಬಿತ್ತು. ಚೀಟಿ ನೋಡಿದಾಗ ಬೋಲ್ಟಣ್ಣನಿಗೆ ತಾನು ಹೆಡ್‌ಲೈಟು ತರಿಸಿದೆನೋ, ಹಡಗನ್ನೇ ತರಿಸಿದೆನೋ ಎಂದು ಸಂಶಯ ಬಂತು. ಅರ್ಜಿ ಕೊಟ್ಟ, ಅಲೆದ, ಬೆಂಚಿನ ಮೇಲೆ ಕೂತ, ಇನ್ನೊಂದು ಬೆಂಚಿನ ಮೇಲೆ ಕೂತ. ಅಷ್ಟರಲ್ಲಿ ಗೋದಾಮಿನ ಬಾಡಿಗೆಯೂ ಏರುತ್ತಾ ಹೋಯಿತು. ಆ ಎರಡು ಹೆಡ್‌ಲೈಟು ಬೋಲ್ಟಣ್ಣನ ಸಂಸಾರಕ್ಕಿಂತ ದುಬಾರಿ ಜಾಗದಲ್ಲಿ ಬಾಡಿಗೆಗಿದ್ದವು.

ಇಂಥ ಹೊತ್ತಿಗೆಂದೇ ಹಳೆಯ ಕಾರಿನವರ ಬಳಿ ಒಂದು ಬ್ರಹ್ಮಾಸ್ತ್ರವಿದೆ. ಕೈಬಿಡುವುದು. ಬಿಡಿಸಿಕೊಳ್ಳಲು ಯಾರೂ ಬರದ ಸಾಮಾನನ್ನು ಕಚೇರಿಯವರು ಒಂದು ದಿನ ಹರಾಜು ಹಾಕಲೇಬೇಕು. ಮುಚ್ಚಿದ ಲಕೋಟೆಯಲ್ಲಿ ಬೆಲೆ ಬರೆದು ಕೊಡಬೇಕು, ಹೆಚ್ಚು ಬರೆದವನಿಗೆ ಸಾಮಾನು. ತುಕ್ಕು ಹಿಡಿದ ಕಾರಿನ ತುಂಡು ಯಾರಿಗೆ ಬೇಕು? ಸಾಮಾನಿನ ಯಜಮಾನನೇ ಗುಜರಿ ಬೆಲೆ ಬರೆದು, ಸುಂಕವಿಲ್ಲದೆ ಹೊತ್ತುಕೊಂಡು ಬರುತ್ತಾನೆ. ಕಸುಬಿನವರಲ್ಲಿ ಇದಕ್ಕೊಂದು ಕಟ್ಟುಪಾಡೂ ಇತ್ತು. ಒಬ್ಬನ ಸಾಮಾನು ಹರಾಜಿಗೆ ಬಂದಾಗ ಉಳಿದವರು ಲಕೋಟೆ ಹಾಕಬಾರದು. ಹಾಕುವುದು ಇನ್ನೊಬ್ಬನ ತಟ್ಟೆಗೆ ಕೈ ಹಾಕಿದ ಹಾಗೆ. ಎಲ್ಲೂ ಬರೆದಿಟ್ಟ ನಿಯಮವಲ್ಲ, ಆದ್ದರಿಂದಲೇ ಯಾರೂ ಮುರಿದಿರಲಿಲ್ಲ.

ಬೋಲ್ಟಣ್ಣ ಕೈಬಿಟ್ಟ. ಕಾದ. ಮೇಷ್ಟ್ರೂ ಕಾದರು. ಪೇಪರಿನಲ್ಲಿ ಸರ್ಕಾರವೊಂದು ಬಿದ್ದು ಇನ್ನೊಂದು ಬಂತು, ಕಣ್ಣು ಬರಲಿಲ್ಲ. ಒಂದು ದಿನ ಮೇಷ್ಟ್ರು, "ಇದನ್ನ ನಾನು ಓಡಿಸಿಕೊಂಡು ಹೋಗ್ತೀನೋ, ಇದರಲ್ಲೇ ನನ್ನನ್ನ ಮಲಗಿಸಿಕೊಂಡು ಹೋಗ್ತೀರೋ, ಅದನ್ನಾದ್ರೂ ಹೇಳಪ್ಪ," ಎಂದರು. ನಗುತ್ತಲೇ ಹೇಳಿದರು.

ಅಂತೂ ಹರಾಜಿನ ದಿನ ಬಂತು. ಗೋದಾಮಿನ ಪಕ್ಕದ ಉದ್ದನೆಯ ಕೋಣೆ, ಕಬ್ಬಿಣದ ಕುರ್ಚಿಗಳು, ತಿರುಗಿದರೂ ಗಾಳಿ ಕೊಡದ ಫ್ಯಾನು. ಬೋಲ್ಟಣ್ಣನ ಹೆಡ್‌ಲೈಟನ್ನು, ಯಾರೋ ಕೈಬಿಟ್ಟಿದ್ದ ಒಂದು ಪೆಟ್ಟಿಗೆ ಗೊಂಬೆ ಕೈಕಾಲುಗಳ ಜೊತೆ ಒಂದೇ ಗುಂಪಿಗೆ ಸೇರಿಸಿದ್ದರು. ಬೇಕಾದರೆ ಎರಡೂ, ಇಲ್ಲವಾದರೆ ಒಂದೂ ಇಲ್ಲ. ಅವನು ಗುಜರಿ ಬೆಲೆ ಬರೆದು, ಗೊಂಬೆಯ ಕೈಕಾಲಿಗೆಂದು ಚಿಲ್ಲರೆ ಸೇರಿಸಿ, ಲಕೋಟೆ ಅಂಟಿಸಿ ಡಬ್ಬಕ್ಕೆ ಹಾಕಿದ.

ತಿರುಗಿ ನೋಡಿದರೆ ಕಂಬದ ಹಿಂದೆ ಸೀಟು ಹೊಲಿಯುವವನು. ಕಿಟಕಿ ಹತ್ತಿರ, ಸೊಟ್ಟ ತಗಡು ನೆಟ್ಟಗೆ ಮಾಡುವ ಟಿಂಕರ್. ಬಾಗಿಲ ಬಳಿ ಅವನ ಸ್ವಂತ ಭಾಮೈದ, ಕಾರಿಗೆ ಬಣ್ಣ ಹೊಡೆಯುವ ಪೇಂಟರ್, ಚಪ್ಪಲಿ ನೋಡುತ್ತಾ ನಿಂತಿದ್ದ. ಬೋಲ್ಟಣ್ಣನ ಎದೆ ತುಂಬಿತು. ಕಷ್ಟಕಾಲದಲ್ಲಿ ಜೊತೆಗೆ ನಿಲ್ಲಲು ಬಂದ ಬಳಗ ಇದು. ಕೈ ಬೀಸಿದ. ಮೂವರೂ ಬೇರೆ ಬೇರೆ ದಿಕ್ಕು ನೋಡಿದರು.

ಗುಮಾಸ್ತ ಡಬ್ಬ ತೆರೆದ. ಈ ಗುಂಪಿಗೆ ನಾಲ್ಕು ಲಕೋಟೆ ಬಂದಿವೆ ಎಂದ.

ಬೋಲ್ಟಣ್ಣನ ಕಿವಿ ಬಿಸಿಯಾಯಿತು. ತನ್ನದೊಂದು. ಉಳಿದ ಮೂರು ಯಾವ ಶತ್ರುಗಳದ್ದು?

ಮೊದಲು ಅವನದೇ ಬೆಲೆ ಓದಿದರು. ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. ಎರಡನೆಯದು ಸೀಟಿನವನದು, ಬೋಲ್ಟಣ್ಣನ ಎರಡರಷ್ಟು. ಮೂರನೆಯದು ಟಿಂಕರನದು, ಅದರ ಎರಡರಷ್ಟು. ಒಂದೊಂದು ಹೆಸರಿಗೂ ಒಂದೊಂದು ಬಾಣ ನಾಟಿದ ಹಾಗೆ ಬೋಲ್ಟಣ್ಣ ಕುರ್ಚಿಯಲ್ಲಿ ಕುಸಿಯುತ್ತಾ ಹೋದ. ನಾಲ್ಕನೆಯ ಲಕೋಟೆ ಪೇಂಟರನದು. ಗುಮಾಸ್ತ ಅದರಲ್ಲಿದ್ದ ಅಂಕಿಯನ್ನು ಒಮ್ಮೆ ಮನಸ್ಸಿನಲ್ಲಿ ಓದಿಕೊಂಡು, ಕನ್ನಡಕ ಒರೆಸಿ, ಆಮೇಲೆ ಗಟ್ಟಿಯಾಗಿ ಓದಿದ. ಕೈಬಿಡುವ ಮೊದಲು ಸುಂಕ, ತೆರಿಗೆ, ದಂಡ, ಬಾಡಿಗೆ ಎಲ್ಲ ಸೇರಿ ಕಟ್ಟಬೇಕಿದ್ದ ಮೊತ್ತಕ್ಕಿಂತಲೂ ಅದು ಹೆಚ್ಚಿತ್ತು.

ಹೊರಗೆ ಬಂದ ಮೇಲೆ ಗೇಟಿನ ಪಕ್ಕದ ಟೀ ಅಂಗಡಿಯಲ್ಲಿ ನಾಲ್ವರೂ ಎದುರು ಬದುರು ಸಿಕ್ಕಿದರು. ಬೋಲ್ಟಣ್ಣ ಕೂಗಾಡಲಿಲ್ಲ. ಅದಕ್ಕೂ ತ್ರಾಣ ಬೇಕು.

"ನೀನೂ ಹಾಕಿದೆಯಲ್ಲೋ," ಎಂದ ಸೀಟಿನವನಿಗೆ.

"ನಿಮಗೇ ಕೊಡೋಣ ಅಂತ ಅಣ್ಣಾ. ನೀವು ಬರೆಯೋ ಬೆಲೆ ನನಗೆ ಗೊತ್ತಿಲ್ವಾ? ಒಂದು ನಟ್ಟಿಗೆ ಅರ್ಧ ದಿನ ಚೌಕಾಸಿ ಮಾಡೋರು ನೀವು. ಯಾರಾದ್ರೂ ಗುಜರಿಯವನು ಹೊಡ್ಕೊಂಡು ಹೋದರೆ ಅಂತ ನಾನೊಂದು ಹಾಕಿದೆ." ಟಿಂಕರನ ಕಡೆ ತಿರುಗಿ, "ಇವನು ಯಾಕೆ ಹಾಕಿದ ಅಂತ ಕೇಳಿ."

"ನಾನೂ ಅದಕ್ಕೇ ಹಾಕಿದ್ದು," ಎಂದ ಟಿಂಕರ್. "ನೀನು ಹಾಕ್ತೀಯ ಅಂತ ಯಾರಿಗೆ ಗೊತ್ತಿತ್ತು?"

"ಹೇಳಬೇಕಿತ್ತು," ಎಂದ ಸೀಟಿನವನು.

"ಹೇಗೆ ಹೇಳೋದು? ಹಾಕಬಾರದು ಅನ್ನೋದು ಕಟ್ಟುಪಾಡು. ಮುರೀತಾ ಇದೀನಿ ಅಂತ ಡಂಗುರ ಹೊಡೀಲಾ?"

ಎಲ್ಲರೂ ಪೇಂಟರನ ಕಡೆ ನೋಡಿದರು. ಅವನು ಟೀ ಲೋಟ ಕೆಳಗಿಟ್ಟ.

"ಅಕ್ಕ ಹೇಳಿದಳು ಭಾವ. ಕೈ ಬಿಗಿ ಮಾಡಬೇಡ, ದೊಡ್ಡದಾಗಿ ಬರಿ, ಇವರು ಒಂದು ದಿನವಾದ್ರೂ ನೆಮ್ಮದಿಯಾಗಿ ಮಲಗಲಿ ಅಂದಳು. ಎಷ್ಟು ದೊಡ್ಡದು ಅಂತ ಅವಳು ಹೇಳಲಿಲ್ಲ. ಬಣ್ಣ ಊದೋ ಹೊಸ ಕಂಪ್ರೆಸರಿಗೆ ಅಂತ ಇಟ್ಟಿದ್ದನ್ನ ಅಷ್ಟೂ ಬರೆದುಬಿಟ್ಟೆ."

ಸೀಟಿನವನು ಬೆರಳು ಮಡಚಿ ಏನೋ ಕೂಡುತ್ತಿದ್ದ.

"ನಾವು ಮೂವರು ಬರೆದದ್ದನ್ನ ಒಟ್ಟಿಗೆ ಸೇರಿಸಿ ಮೊದಲೇ ಸುಂಕ ಕಟ್ಟಿದ್ದಿದ್ರೆ..." ಎಂದು ಶುರು ಮಾಡಿದ.

"ಬಾಯಿ ಮುಚ್ಕೊಂಡು ಟೀ ಕುಡಿ," ಎಂದ ಟಿಂಕರ್.

ಬೋಲ್ಟಣ್ಣನಿಗೆ ಅಳು ಬರಬೇಕೋ ನಗು ಬರಬೇಕೋ ತಿಳಿಯದೆ ಆಕಳಿಕೆ ಬಂತು. ಶತ್ರುಗಳಾಗಿದ್ದರೆ ಒಂದು ಮಾತು ಅಂದು ಮನೆಗೆ ಹೋಗಬಹುದಿತ್ತು. ಇಷ್ಟು ಪ್ರೀತಿಯನ್ನು ಹೊತ್ತುಕೊಂಡು ಹೋಗುವುದು ಹೇಗೆ?

"ಆ ದುಡ್ಡು ನನ್ನ ಹತ್ತಿರ ಇಲ್ಲ ಕಣೋ," ಎಂದ ಭಾಮೈದನಿಗೆ.

"ದುಡ್ಡು ಯಾರು ಕೇಳಿದ್ರು ಭಾವ? ನಮ್ಮಲ್ಲಿ ಯಾವತ್ತು ದುಡ್ಡಿನಲ್ಲಿ ತೀರಿಸಿದೀವಿ? ನನ್ನ ಹತ್ತಿರ ಬಣ್ಣಕ್ಕೆ ಮೂರು ಹಳೇ ಕಾರು ಬಂದಿವೆ. ಇಂಜಿನ್ನೂ ನಾನೇ ಮಾಡಿಸಿ ಕೊಡ್ತೀನಿ ಅಂತ ಒಪ್ಪಿಕೊಂಡಿದೀನಿ." ಪೇಂಟರ್ ಮತ್ತೆ ಚಪ್ಪಲಿ ನೋಡತೊಡಗಿದ. "ಅವು ಮೂರನ್ನ ನೀವು ನೋಡಿಬಿಟ್ರೆ..."

ಕಸುಬಿನಲ್ಲಿ ಲೆಕ್ಕ ಚುಕ್ತಾ ಆಗುವುದು ಹಾಗೆಯೇ. ಕೈಸಾಲಕ್ಕೆ ಕೈಯೇ ಬಡ್ಡಿ. ಇಲ್ಲ ಅನ್ನುವ ಹಾಗಿರಲಿಲ್ಲ.

ಹೆಡ್‌ಲೈಟು ಕೂರಿಸುವುದು ಒಂದು ಬೆಳಗಿನ ಕೆಲಸ. ಮೇಷ್ಟ್ರು ಆವತ್ತು ಪೇಪರ್ ತಂದಿರಲಿಲ್ಲ. ಮೊದಲ ಸಲ ಮುಂದಿನ ಸೀಟಿನಲ್ಲಿ ಕೂತು, ಸ್ಟೀರಿಂಗ್ ಎರಡೂ ಕೈಯಲ್ಲಿ ಹಿಡಿದು, ಸ್ವಿಚ್ ಒತ್ತಿದರು. ಎದುರಿನ ಗೋಡೆಯ ಮೇಲೆ ಹಳದಿ ಬೆಳಕಿನ ಎರಡು ಉರುಟುಗಳು ಬಿದ್ದವು. "ಅಪ್ಪ ಮನೆಗೆ ಬರುವಾಗ ಹೀಗೇ ಕಾಣೋದು," ಎಂದರು ಸಣ್ಣ ದನಿಯಲ್ಲಿ. ಹಗಲಿನಲ್ಲೇ ಲೈಟು ಉರಿಸಿಕೊಂಡು ರಸ್ತೆಗಿಳಿದು ಹೋದರು. ಕಾರು ತಿರುವು ದಾಟುವವರೆಗೂ ಬೋಲ್ಟಣ್ಣ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ.

ಅದು ಹೋದ ಜಾಗಕ್ಕೆ ಊಟದ ಹೊತ್ತಿಗೆಲ್ಲ ಭಾಮೈದನ ಮೊದಲ ಕಾರನ್ನು ತಳ್ಳಿಕೊಂಡು ಬಂದರು. ಬಾನೆಟ್ ಎತ್ತಿದರೆ ಇಂಜಿನ್ ಅರ್ಧ ಇತ್ತು.

"ಶಟರ್ ಎಳೆಯೋದು ಯಾವಾಗ?" ಎಂದಳು ಹೆಂಡತಿ.

"ನಿನ್ನ ತಮ್ಮನ್ನ ಕೇಳು."

"ಅವನಿಗೆ ದೊಡ್ಡದಾಗಿ ಬರಿ ಅಂದೆ, ನಿಜ. ಮನೆಯನ್ನೇ ಬರೆದುಕೊಡು ಅಂದೆನಾ?"

ಬೋಲ್ಟಣ್ಣ ಒಂದು ರಟ್ಟು ಹಾಸಿ, ತಳ ನೋಡಿ ಬರುತ್ತೇನೆಂದು ಕಾರಿನಡಿ ತೂರಿದ. ಕಾಲೆರಡೂ ಹೊರಗೆ. ಸ್ವಲ್ಪ ಹೊತ್ತು ಸ್ಪ್ಯಾನರಿನ ಸದ್ದು ಬಂತು, ಆಮೇಲೆ ಬರಲಿಲ್ಲ. ಪೇಂಟರ್ ಬಗ್ಗಿ ಕರೆಯಹೋದ. ಅಕ್ಕ ಅವನ ತೋಳು ಹಿಡಿದಳು. ಕಾರಿನಡಿಯಿಂದ ಗೊರಕೆ ಕೇಳುತ್ತಿತ್ತು, ತಡೆತಡೆದು, ಟ್ಯೂನ್ ಆಗದ ಇಂಜಿನ್ನಿನ ಹಾಗೆ.

"ಸದ್ದು ಮಾಡಬೇಡ," ಎಂದಳು. "ಬೇಕಿದ್ರೆ ಇದನ್ನೂ ಕೆಲಸದ ಲೆಕ್ಕಕ್ಕೇ ಹಾಕ್ಕೊ."