ಮುರು ಮೀನಿನ ಕಲ್ಲು

ನನ್ನನ್ನು ಕಡಲಿಗೆ ಕರೆದುಕೊಂಡು ಹೋದವನು ಅಕ್ಕನ ಗಂಡ. ನಮ್ಮ ಕಡೆ ಅಕ್ಕನ ಗಂಡನಿಗೆ ಮಾವ ಅನ್ನುವುದು ರೂಢಿ. ಅವನ ಊರು ಹೊಳೆಆಲೂರು. ಮಲಪ್ರಭೆಯಲ್ಲಿ ಈಜುತ್ತ ಬೆಳೆದವನು, ನೀರಿಗೆ ಅಂಜುವ ಆಸಾಮಿಯಲ್ಲ. ನಾವು ಗಜೇಂದ್ರಗಡದ ನೇಕಾರರು. ಅಪ್ಪ ಕುಣಿ ಮಗ್ಗದಲ್ಲಿ ಕೂತು ಸೀರೆ ನೇಯುತ್ತಿದ್ದ, ಅವ್ವ ಪಕ್ಕದಲ್ಲಿ ಕಂಡಿಕೆ ಸುತ್ತುತ್ತಿದ್ದಳು. ನಮ್ಮ ಮನೆಯಲ್ಲಿ ಮೀನು ತಿನ್ನುವ ಮಾತಿರಲಿ, ಜೀವಂತ ಮೀನು ಕಂಡವರೇ ಇರಲಿಲ್ಲ.

ರೋಣ, ಗಜೇಂದ್ರಗಡದ ಸುತ್ತಿನ ಎಷ್ಟೋ ಹುಡುಗರು ಕರಾವಳಿಯ ಬಂದರುಗಳಲ್ಲಿ ಟ್ರಾಲ್ ಬೋಟಿನ ಕೆಲಸಕ್ಕೆ ನಿಂತಿದ್ದಾರೆ. ಮಳೆಗಾಲಕ್ಕೆ ಬೋಟುಗಳು ದಡ ಸೇರಿದಾಗ ಊರಿಗೆ ಬಂದು ಬಿತ್ತಿಗೆ ಮುಗಿಸಿ ಮತ್ತೆ ಹೋಗುತ್ತಾರೆ. ಮಾವ ಹೀಗೇ ಹೋದವನು, ತನ್ನ ಚುರುಕುತನದಿಂದ ತಾಂಡೇಲನಾದ. ತಾಂಡೇಲ ಅಂದರೆ ಬೋಟು ನಡೆಸುವವನು. ಎಲ್ಲಿಗೆ ಹೋಗಬೇಕು, ಎಲ್ಲಿ ಬಲೆ ಬಿಡಬೇಕು ಅನ್ನುವುದೆಲ್ಲ ಅವನ ತೀರ್ಮಾನ. ಘಟ್ಟದ ಮೇಲಿನವನೊಬ್ಬ ಆ ಜಾಗಕ್ಕೆ ಏರಿದ್ದು ನಮಗೆಲ್ಲ ದೊಡ್ಡ ಹೆಮ್ಮೆ. ಅವನು ಕರೆದಾಗ ನಾನು ಎರಡು ಮಾತಾಡದೆ ಹೊರಟೆ.

ಟ್ರಾಲ್ ಬಲೆ ಒಂದು ದೊಡ್ಡ ಚೀಲ. ಅದರ ಬಾಯಿ ತೆರೆದಿರಲೆಂದು ಎರಡೂ ಬದಿಗೆ ಭಾರವಾದ ಹಲಗೆಗಳು, ಕೆಳಗಿನ ಅಂಚಿಗೆ ಸರಪಳಿ. ಬೋಟು ಮುಂದೆ ಸಾಗಿದಂತೆ ಚೀಲ ಸಮುದ್ರದ ತಳವನ್ನು ಕೆರೆಯುತ್ತ ಹಿಂದೆ ಬರುತ್ತದೆ. ಮೇಲೆತ್ತಿ ಸುರಿದಾಗ ಬೇಕಾದ ಮೀನಿಗಿಂತ ಬೇಡದ್ದೇ ಹೆಚ್ಚು ಕಾಣುತ್ತಿತ್ತು. ನಕ್ಷತ್ರ ಮೀನು, ಏಡಿಮರಿ, ಬೆರಳುದ್ದದ ಮೀನುಮರಿ, ಚಿಪ್ಪು, ನಮಗೆ ಹೆಸರು ಗೊತ್ತಿಲ್ಲದ ಹುಳುಗಳು. ಸಲಿಕೆಯಿಂದ ಬದಿಗೆ ತಳ್ಳುತ್ತಿದ್ದೆವು. ಮೊದಮೊದಲು ಅವುಗಳ ಮೇಲೆ ಕಾಲಿಡಲು ಮನಸ್ಸಾಗುತ್ತಿರಲಿಲ್ಲ. ಆಮೇಲೆ ರೂಢಿಯಾಯಿತು.

ಹರಿದ ಬಲೆಗೆ ತೇಪೆ ಹಾಕುವಾಗ ನನ್ನ ಬೆರಳಿಗೆ ಮಗ್ಗದ ಅಭ್ಯಾಸ ನೆರವಾಯಿತು. ಸ್ವಲ್ಪ ಕಾಲದಲ್ಲೇ ಬಲೆಯ ಕೆಲಸವೆಲ್ಲ ನನ್ನ ಪಾಲಿಗೆ ಬಂತು. ಬೇರೆ ಬೋಟಿನವರೂ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ಮಾವ ಎಲ್ಲರೆದುರು ಬೆನ್ನು ತಟ್ಟಿ ಹೇಳುತ್ತಿದ್ದ, "ಇಂವಾ ನೇಕಾರ ಮನಿ ಹುಡುಗ. ದಾರ ಇವನ ಮಾತ ಕೇಳ್ತೈತಿ."

ಒಂದು ಸೀಜನ್ನಿನ ನಡುವೆ ನನಗೆ ಕಾಮಾಲೆಯಾಯಿತು. ಬೋಟು ನನ್ನನ್ನು ದಡದಲ್ಲಿ ಬಿಟ್ಟು ಹೋಗಲೇಬೇಕಾಯಿತು. ಬಂದರಿನ ಶೆಡ್ಡಿನಲ್ಲಿ ಬಲೆಯ ರಾಶಿಯ ಮೇಲೆ ಮಲಗಿದ್ದವನನ್ನು ಮೀನು ಮಾರಲು ಬಂದ ಹೆಂಗಸೊಬ್ಬಳು ನೋಡಿದಳು. ಗಂಡನನ್ನು ಕರೆತಂದು, ಇಬ್ಬರೂ ಸೇರಿ ಆಟೋದಲ್ಲಿ ನನ್ನನ್ನು ತಮ್ಮ ಮನೆಗೆ ಸಾಗಿಸಿದರು. ಕಷಾಯ, ಗಂಜಿ, ಎಳನೀರು ಕೊಟ್ಟರು. ಕಣ್ಣಿನ ಹಳದಿ ಇಳಿಯುವವರೆಗೆ ಎದ್ದು ಓಡಾಡಲು ಬಿಡಲಿಲ್ಲ. ನಾನು ನಮ್ಮ ಕಡೆ ಚಿಕ್ಕಪ್ಪ, ಚಿಕ್ಕಮ್ಮನಿಗೆ ಅನ್ನುವ ಹಾಗೆ ಅವರನ್ನು ಕಾಕಾ, ಕಾಕು ಎಂದು ಕರೆದೆ. ಅವರಿಗೆ ಆ ಮಾತು ಕೇಳಿ ನಗು. ನಕ್ಕರೂ ಓಗೊಡುತ್ತಿದ್ದರು.

ಕಾಕಾನದು ಸಣ್ಣ ದೋಣಿ. ಬಲೆಯಿಲ್ಲ, ದಾರ ಮತ್ತು ಗಾಳ ಅಷ್ಟೆ. ನಾನು ಚೇತರಿಸಿಕೊಂಡ ಮೇಲೆ ಒಂದು ಬೆಳಿಗ್ಗೆ ತಮ್ಮ ಜೊತೆ ಕರೆದೊಯ್ದರು. ದಡದ ದೀಪಸ್ತಂಭ ಹಿಂದಿನ ಗುಡ್ಡದ ಬೋಳು ನೆತ್ತಿಗೆ ನೇರವಾಗಿ ಬರುವ ಜಾಗದಲ್ಲಿ ದೋಣಿ ನಿಲ್ಲಿಸಿ, ಸೀಸದ ಗುಂಡು ಕಟ್ಟಿದ ದಾರ ಇಳಿಬಿಟ್ಟು ನನ್ನ ಕೈಗೆ ಕೊಟ್ಟರು.

"ಏನು ತಿಳೀತದೆ ಹೇಳು?"

"ಟಕ್ ಅಂತು, ಕಾಕಾ."

"ಕೆಸರಾದ್ರೆ ಮೆತ್ತಗೆ ಕೂತ್ಕೊಳ್ತದೆ. ಇದು ಕಲ್ಲು. ನಮ್ಮ ಅಪ್ಪ ತೋರಿಸಿದ ಕಲ್ಲು."

ಆ ದಿನಗಳಲ್ಲಿ ನೀರು ತಿಳಿಯಾಗಿತ್ತು. ಕಣ್ಣಿಗೆ ಗಾಜಿನ ಮುಖವಾಡ ಕಟ್ಟಿಕೊಂಡು, ಲಂಗರಿನ ಹಗ್ಗವನ್ನು ಬಿಗಿಯಾಗಿ ಹಿಡಿದು ಮುಖವನ್ನು ನೀರಿನಲ್ಲಿಟ್ಟೆ. ಕೆಳಗೆ ಹಾಸುಗಲ್ಲು, ಅದರ ಮೇಲೆ ಅಲ್ಲಲ್ಲಿ ಗುಂಡುಗಲ್ಲು. ಕಲ್ಲಿನ ಮೈಯೇ ಕಾಣದಷ್ಟು ಏನೇನೋ ಬೆಳೆದಿತ್ತು. ಬೀಸಣಿಗೆಯಂತೆ ಹರಡಿಕೊಂಡ ಕೆಂಪು ಗಿಡಗಳು. ಅವು ಗಿಡವಲ್ಲ, ಜೀವ ಎಂದು ಕಾಕಾ ಹೇಳಿದರು. ಕಲ್ಲಿನ ಸಂದಿಯಲ್ಲಿ ಬಾಯಿ ತೆರೆದು ಮುಚ್ಚುತ್ತ ನಿಂತ ಮುರು ಮೀನು, ಕಲ್ಲಿನಲ್ಲೇ ಬದುಕುವ, ಪೇಟೆಯಲ್ಲಿ ಒಳ್ಳೆಯ ಬೆಲೆ ಬರುವ ದೊಡ್ಡ ಮೀನು. ಒಂದು ಕಡೆ ಕಪ್ಪು ದ್ರಾಕ್ಷಿಯ ಗೊಂಚಲಿನ ಹಾಗೆ ಜೋತುಬಿದ್ದದ್ದು ಕಪ್ಪೆಬೊಂಡಾಸು ಅನ್ನುವ ಮೆತ್ತನೆ ಮೈಯ, ಹಲವು ತೋಳಿನ ಜೀವಿಯ ಮೊಟ್ಟೆ ಅಂದರು. ಅದು ಮೊಟ್ಟೆಯಿಡಲು ಇಂಥ ಗಟ್ಟಿ ಜಾಗವನ್ನೇ ಹುಡುಕಿ ಬರುತ್ತದೆ. ಅಷ್ಟು ವರ್ಷ ಸಮುದ್ರದ ತಳವನ್ನು ಎಳೆದು ತಂದವನು ನಾನು. ಅದು ಎಳೆಯುವ ಮುಂಚೆ ಹೇಗಿರುತ್ತದೆಂದು ನೋಡಿದ್ದು ಅದೇ ಮೊದಲು. ಉಸಿರು ತೆಗೆದುಕೊಳ್ಳಲು ತಲೆ ಎತ್ತುವುದಕ್ಕೂ ಮನಸ್ಸಾಗಲಿಲ್ಲ.

ಬೋಟು ಬಂದರಿಗೆ ಮರಳಿದಾಗ ಮಾವ ನನ್ನನ್ನು ನೋಡಲು ಆ ಮನೆಗೆ ಬಂದ. ಹಣ್ಣು ತಂದಿದ್ದ. ಕಾಕುವಿನ ಕಾಲು ಮುಟ್ಟಿ ನಮಸ್ಕರಿಸಿದ. ಮೀನಿನ ಸಾರು, ಕುಚ್ಚಲಕ್ಕಿ ಅನ್ನ ಉಂಡ. ಮಾರನೆಯ ದಿನ ಕಾಕಾ ಅವನನ್ನೂ ದೋಣಿಯಲ್ಲಿ ಕೂರಿಸಿಕೊಂಡು ಅದೇ ಜಾಗಕ್ಕೆ ಕರೆದೊಯ್ದರು. ಮನೆಗೆ ಬಂದ ನೆಂಟನಿಗೆ ಹೊಲ ತೋರಿಸಿದ ಹಾಗೆ ತೋರಿಸಿದರು. ಮಾವ ಮೊಬೈಲು ಹಿಡಿದು ಗುಡ್ಡದ ಫೋಟೋ, ನೀರಿನ ಫೋಟೋ ತೆಗೆಯುತ್ತಲೇ ಇದ್ದ.

"ಇಲ್ಲಿಗೆ ನಿಮ್ಮ ದೊಡ್ಡ ಬೋಟಿನವರು ಬರುವುದಿಲ್ಲ. ಬಲೆ ಹರೀತದೆ ಅಂತ ಹೆದರಿಕೆ. ಆ ಹೆದರಿಕೆಯೇ ನಮಗೆ ಬೇಲಿ ಮಾರಾಯ," ಅಂದರು ಕಾಕಾ.

ಮಾವ ಎದೆಯ ಮೇಲೆ ಕೈಯಿಟ್ಟುಕೊಂಡ. "ನಾ ಇರೂತನಕ ನಮ್ಮ ಬೋಟ್ ಇತ್ತಾಗ ಹಾಯೂದಿಲ್ರಿ. ನಮ್ಮ ಹುಡುಗನ ಜೀವಾ ಉಳಿಸೀರಿ ನೀವು. ಆಣಿ ಮಾಡಿ ಹೇಳ್ತೇನಿ."

ನನಗೆ ಆಗ ಮಾವನ ಮೇಲೆ ಎಷ್ಟು ಅಭಿಮಾನ ಬಂತೆಂದರೆ ಕಣ್ಣು ತುಂಬಿಕೊಂಡವು.

ಮುಂದಿನ ಸೀಜನ್ ಶುರುವಾಗುವ ಹೊತ್ತಿಗೆ ಹೊಳೆಆಲೂರಿನಿಂದ ಅಕ್ಕನ ಫೋನು ಬಂತು. "ತಮ್ಮಾ, ನಿಮ್ಮ ಮಾವ ಆಳದ ನೀರಿಗಂತ ಹೊಸಾ ಬಲಿ ಮಾಡಸಾಕತ್ತಾರ. ಬ್ಯಾರೇದವ್ರ ಕೈಗೆ ಕೊಡೂದ ಬ್ಯಾಡ, ನೀನ ಮಾಡಿಕೊಡು. ನನ್ನ ಮಾತಂತ ತಿಳಕೋ."

ಅಕ್ಕ ಹೇಳಿದ ಮೇಲೆ ಮುಗಿಯಿತು. ಬಂದರಿನ ಶೆಡ್ಡಿನಲ್ಲಿ ಕೂತು ಆ ಬಲೆ ಕಟ್ಟಿದೆ. ಹಳೆಯ ಟೈರಿನಿಂದ ಕತ್ತರಿಸಿದ ದಪ್ಪ ಬಿಲ್ಲೆಗಳನ್ನು ಸರಪಳಿಗೆ ಪೋಣಿಸಿ ಕೆಳಗಿನ ಅಂಚಿಗೆ ಬಿಗಿದೆ. ಇಷ್ಟು ಭಾರ ಯಾಕೆಂದು ಕೇಳಿದ್ದಕ್ಕೆ ಮಾವ, "ಕೇರಳದ ಕಡೆ ದೂರದ ನೀರಾಗ ತಳ ಒರಟೈತಿ. ಕಲ್ಲಿಗೆ ತಾಗಿದ್ರ ಹರೀಬಾರದು, ಹತ್ತಿ ಇಳದು ಹೋಗಬೇಕು," ಅಂದ. ನಾನು ನಂಬಿದೆ. ಚಲೋ ಕೆಲಸವಾಗಲಿ ಎಂದು ಪ್ರತಿ ಗಂಟನ್ನೂ ಎರಡು ಸಲ ಎಳೆದು ನೋಡಿದೆ.

ಆ ಬಲೆ ಹೊತ್ತು ಹೊರಟ ದಿನ ಬೆಳಿಗ್ಗೆ ನಾನು ಬೋಟಿನ ಕೆಳಗಿನ ಕೋಣೆಯಲ್ಲಿ ಐಸು ಹರಡುತ್ತಿದ್ದೆ. ಇದ್ದಕ್ಕಿದ್ದಂತೆ ಬೋಟು ಜಗ್ಗಿದಂತಾಗಿ ಮೈಯೆಲ್ಲ ನಡುಗಿತು. ಬಲೆ ಒರಟು ತಳಕ್ಕೆ ತಾಗಿದೆ ಎಂದು ಗೊತ್ತಾಯಿತು. ಆದರೆ ನಾವು ಹೊರಟು ಬಹಳ ಹೊತ್ತಾಗಿರಲಿಲ್ಲ. ಇಷ್ಟು ಬೇಗ ದೂರದ ನೀರು ಎಲ್ಲಿಂದ ಬಂತು? ಏಣಿ ಹತ್ತಿ ಮೇಲೆ ಬಂದೆ. ದೀಪಸ್ತಂಭ ಗುಡ್ಡದ ಬೋಳು ನೆತ್ತಿಗೆ ನೇರವಾಗಿ ನಿಂತಿತ್ತು.

ಮಾವ ಚುಕ್ಕಾಣಿ ಹಿಡಿದು ನಿಂತಿದ್ದ ಕೋಣೆಗೆ ಓಡಿದೆ. "ಮಾವಾ, ಇದು ಕಾಕಾನ ಕಲ್ಲರೀ! ಎಂಜಿನ್ ನಿಲ್ಲಸ್ರಿ!"

ಅವನು ತಿರುಗಿ ನೋಡಲಿಲ್ಲ. "ಗೊತ್ತೈತಿ. ಕೆಳಗ ಹೋಗು."

"ಆಣಿ ಮಾಡಿದ್ರಿ ನೀವು."

"ಮಾಡಿದ್ದೆ. ಈಗ ಮಾಲಕ ಮೀನ ಕೇಳಾಕತ್ತಾನ. ನಾ ಎಳೀಲಿಲ್ಲಂದ್ರ ನಾಳೆ ಮತ್ತೊಬ್ಬ ಬಂದು ಎಳೀತಾನ."

"ಮತ್ತೊಬ್ಬಗ ಈ ಜಾಗಾ ಹ್ಯಾಂಗ ಗೊತ್ತಾಗ್ತೈತಿ? ನೀ ಹೇಳಿದ್ರಷ್ಟ ಗೊತ್ತಾಗ್ತೈತಿ!"

ನಾನು ಅವನಿಗೆ ಏಕವಚನದಲ್ಲಿ ಮಾತಾಡಿದ್ದು ಅಂದೇ ಮೊದಲು. ಅವನು ಆಗ ತಿರುಗಿದ. ಕೋಪವೇನೂ ಇರಲಿಲ್ಲ ಮುಖದಲ್ಲಿ. ಚುಕ್ಕಾಣಿಯ ಪಕ್ಕದ ಜಿಪಿಎಸ್ ಪರದೆಯ ಮೇಲೆ ಜಾಗದ ಗುರುತಿನ ಚುಕ್ಕೆ ಮಿನುಗುತ್ತಿತ್ತು. ಅಂದು ದೋಣಿಯಲ್ಲಿ ಕೂತು ಮೊಬೈಲಿನಲ್ಲಿ ಅವನು ಹಿಡಿದಿಟ್ಟದ್ದು ಗುಡ್ಡದ ಚಿತ್ರವನ್ನಷ್ಟೇ ಅಲ್ಲ ಎಂದು ಆಗ ತಿಳಿಯಿತು.

ಬಲೆ ಮೇಲೆ ಬಂತು. ಎಲ್ಲೂ ಹರಿದಿರಲಿಲ್ಲ. ನನ್ನ ಗಂಟು ಒಂದೂ ಬಿಚ್ಚಿರಲಿಲ್ಲ. ಸುರಿದಾಗ ದೊಡ್ಡ ದೊಡ್ಡ ಮುರು ಮೀನುಗಳು ಬಿದ್ದವು. ಹುಡುಗರು ಕೂಗು ಹಾಕಿದರು. ಅವುಗಳ ಜೊತೆ ಮುರಿದ ಕಲ್ಲುಗಳು, ಬುಡಸಮೇತ ಕಿತ್ತುಬಂದ ಬೀಸಣಿಗೆಗಳು, ಕಪ್ಪು ಮೊಟ್ಟೆಯ ಗೊಂಚಲುಗಳು. ನಾನು ಮೊಣಕಾಲೂರಿ ಕೂತು ಗೊಂಚಲುಗಳನ್ನು ಆರಿಸಿ ನೀರಿಗೆ ಹಾಕತೊಡಗಿದೆ.

"ಒಗದ್ರ ತಿರಗಿ ಕಲ್ಲಿಗೆ ಅಂಟ್ಕೋತಾವೇನೋ ಅವು?" ಮೇಲಿನಿಂದ ಮಾವ ಕೇಳಿದ.

ಅವನು ಹೇಳಿದ್ದು ಖರೆಯಾಗಿತ್ತು. ಅದಕ್ಕೇ ಹೆಚ್ಚು ಸಂಕಟವಾಯಿತು. ಆದರೂ ಕೈ ನಿಲ್ಲಿಸಲಿಲ್ಲ. ಅಷ್ಟರಲ್ಲಿ ಹುಡುಗರು ಬಲೆಯನ್ನು ಮತ್ತೆ ನೀರಿಗೆ ಬಿಟ್ಟರು. ಸಂಜೆಯವರೆಗೂ ಅಲ್ಲೇ ಹಿಂದೆ ಮುಂದೆ ಎಳೆದರು. ನಾನು ಮೀನು ಮುಟ್ಟಲಿಲ್ಲ.

ದಡಕ್ಕೆ ಬಂದವನೇ ಕಾಕಾನ ಮನೆಗೆ ಹೋದೆ. ಬೇರೆ ಯಾರ ಬಾಯಿಂದಲೋ ಅವರಿಗೆ ಗೊತ್ತಾಗುವುದು ನನಗೆ ಬೇಡವಾಗಿತ್ತು. ಕಾಕು ಅಂಗಳದಲ್ಲಿ ಮೀನಿಗೆ ಉಪ್ಪು ಹಾಕುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಬಲೆ ಕಟ್ಟಿದವನು ನಾನೇ ಎಂದೂ, ಅದು ಯಾತಕ್ಕೆಂದು ನನಗೆ ಗೊತ್ತಿರಲಿಲ್ಲವೆಂದೂ ಹೇಳಿದೆ.

ಅವಳು ಉಪ್ಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಗೊತ್ತಿರ್ಲಿಲ್ಲ ಅಂದ್ರೆ ನಂಬ್ತೇನೆ. ಆದ್ರೆ ಅವನು ನಮ್ಮನೆ ಒಳಗೆ ಬಂದದ್ದು ನಿನ್ನಿಂದ ಅಲ್ವಾ?"

ನೀರು ತಿಳಿಯಾದ ಮೇಲೆ ಕಾಕಾ ಒಬ್ಬರೇ ಹೋಗಿ ನೋಡಿಕೊಂಡು ಬಂದರು. "ಕಲ್ಲು ಉಂಟು ಮಾರಾಯ. ಬೋಳಾಗಿದೆ. ಪಕ್ಕದ ಕೆಸರಲ್ಲಿ ಗದ್ದೆ ಉತ್ತ ಹಾಗೆ ಗೆರೆ ಬಿದ್ದಿದೆ. ಅಲ್ಲೊಂದು ಬೀಸಣಿಗೆ ಇತ್ತಲ್ಲ, ನಾನು ಹುಡುಗ ಆಗಿದ್ದಾಗ ಅದು ಇಷ್ಟೇ ಇಷ್ಟು ಇತ್ತು," ಎಂದು ಅಂಗೈ ತೋರಿಸಿದರು. ಮತ್ತೆ ಅಷ್ಟು ಬೆಳೆಯುವುದನ್ನು ನೋಡಲು ತಾವಿರುವುದಿಲ್ಲ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ.

ನಾನು ಬೋಟಿನ ಕೆಲಸ ಬಿಟ್ಟು ಊರಿಗೆ ಬಂದೆ. ಯಾಕೆ ಬಂದೆ ಎಂದು ಅಪ್ಪ ಕೇಳಲಿಲ್ಲ. ಖಾಲಿ ಇದ್ದ ಮಗ್ಗ ತೋರಿಸಿದ.

ಮಳೆಗಾಲದಲ್ಲಿ ಹೊಳೆಆಲೂರಿನಲ್ಲಿ ಅಕ್ಕನ ಹೊಸ ಮನೆಯ ಗೃಹಪ್ರವೇಶ. ಅವರ ಹಳೆಯ ಮನೆಯನ್ನು ಹೊಳೆ ಮತ್ತೆ ಮತ್ತೆ ಹೊಕ್ಕು ಹಾಳು ಮಾಡಿತ್ತು. ಈಗ ಎತ್ತರದ ಜಾಗದಲ್ಲಿ ಕಟ್ಟಿದ್ದರು. ನಾನು ಒಂದು ದಿನ ಮೊದಲೇ ಹೋದೆ. ಗಂಡ ಎಂಥವನೆಂದು ಅಕ್ಕನಿಗೆ ಗೊತ್ತಾಗಬೇಕು, ನಾನಲ್ಲದೆ ಮತ್ತೆ ಯಾರು ಹೇಳುತ್ತಾರೆ ಅಂದುಕೊಂಡಿದ್ದೆ. ಅವಳು ಹೊಸ ಅಡಿಗೆಮನೆಯಲ್ಲಿ ಹೋಳಿಗೆಗೆ ಹೂರಣ ರುಬ್ಬುತ್ತಿದ್ದಳು. ಎದುರಿಗೆ ಕೂತು ಮೊದಲಿನಿಂದ ಹೇಳಲು ಶುರು ಮಾಡಿದೆ. ಅರ್ಧಕ್ಕೇ ತಡೆದಳು.

"ನಂಗ ಗೊತ್ತಿತ್ತು ತಮ್ಮಾ."

"ಏನ ಗೊತ್ತಿತ್ತು?"

"ಬಲಿ ಎಲ್ಲಿಗಂತ. ಖರೇ ಹೇಳಿದ್ರ ನೀ ಮಾಡಿಕೊಡಾಂವ ಅಲ್ಲ. ಅದಕ್ಕ ಆಳದ ನೀರು ಅಂತ ಹೇಳು ಅಂದ್ರು, ಹೇಳಿದೆ."

ಅವಳ ಕೈ ಕೆಲಸ ಬಿಟ್ಟಿರಲಿಲ್ಲ.

"ಹೊಳಿ ಮನ್ಯಾಗ ಬಂದಾಗ ಕೂಸುಗಳನ್ನ ಕಟಗೊಂಡು ಸಾಲ್ಯಾಗ ಮಲಗಿದಾಕಿ ನಾ. ಚಲೋ ಮೀನ ಹಿಡದ್ರ ಮನಿ ಕಟ್ಟಾಕ ಕೈ ಹಿಡೀತೇನಿ ಅಂದಿದ್ದ ಮಾಲಕ. ಸಮುದ್ರದಾಗಿನ ಕಲ್ಲು ಅದು, ಯಾರ ಕಣ್ಣಿಗೂ ಕಾಣಲಾರದ್ದು. ನನ್ನ ಮಕ್ಕಳಕಿಂತ ಹೆಚ್ಚೇನು ನಿನಗ?"

ಮಾವ ಮಾಡಿದ ಮೋಸಕ್ಕೆ ನನ್ನ ಹತ್ತಿರ ಸಿಟ್ಟಿತ್ತು, ಅದನ್ನು ಹೊತ್ತುಕೊಂಡೇ ಬಂದಿದ್ದೆ. ಇದಕ್ಕೆ ಏನಿತ್ತು? ಆ ಮಕ್ಕಳು ಬಾಗಿಲಲ್ಲಿ ಆಡುತ್ತಿದ್ದವು. ಅವುಗಳ ತಲೆಯ ಮೇಲೆ ಸೂರು ಬಂತಲ್ಲ ಎಂದು ಖುಷಿಪಡಬೇಕೋ, ನನ್ನನ್ನು ಎತ್ತಿ ಆಡಿಸಿದ ಅಕ್ಕ ಫೋನಿನಲ್ಲಿ ಅಷ್ಟು ಅಕ್ಕರೆಯಿಂದ ಸುಳ್ಳು ಹೇಳಿದಳಲ್ಲ ಎಂದು ಅಳಬೇಕೋ ತಿಳಿಯಲಿಲ್ಲ. "ಕೇಳಬಹುದಿತ್ತಲ್ಲಕ್ಕಾ," ಅಂದೆ. "ಮನಿ ಕಟ್ಟಾಕ ನೀನೂ ದುಡಿ ಅಂದಿದ್ರ ದುಡೀತಿದ್ದೆ." ಅವಳು ರುಬ್ಬಿದ ಹೂರಣವನ್ನು ಬಳಿದು ಪಾತ್ರೆಗೆ ತುಂಬತೊಡಗಿದಳು.

ಹೊರಗೆ ಬಂದಾಗ ಮಾವ ಎದುರಾದ. ಹೆಗಲ ಮೇಲೆ ಕೈಹಾಕಲು ಬಂದ. "ಮೀನದ ಸಲುವಾಗಿ ಸಂಬಂಧ ಕಡ್ಕೊಂತಿಯೇನೋ ಹುಚ್ಚಾ?"

"ಮೀನದ ಸಲುವಾಗಿ ಅಲ್ಲ," ಅಂದೆ. ಉಳಿದದ್ದನ್ನು ಹೇಳಿದರೆ ಅವನಿಗೆ ತಿಳಿಯುತ್ತದೆ ಎಂದು ಅನ್ನಿಸಲಿಲ್ಲ. ಊಟದ ಹೊತ್ತಿಗೆ ನಿಲ್ಲದೆ ರೋಣದ ಬಸ್ಸು ಹಿಡಿದೆ.

ಈಗ ನಾನು ಗಜೇಂದ್ರಗಡದಲ್ಲೇ ಇದ್ದೇನೆ, ಸೀರೆ ನೇಯುತ್ತೇನೆ. ಆ ಕಲ್ಲಿನ ಗುರುತು ಮಾವನೊಬ್ಬನ ಹತ್ತಿರ ಉಳಿದಿಲ್ಲವಂತೆ. ಬೇರೆ ಬೋಟುಗಳೂ ಟೈರಿನ ಬಿಲ್ಲೆ ಕಟ್ಟಿಕೊಂಡು ಅಲ್ಲಿಗೆ ಬರುತ್ತವೆ ಎಂದು ಅಲ್ಲಿರುವ ನಮ್ಮೂರಿನ ಹುಡುಗರು ಹೇಳುತ್ತಾರೆ. ಕಾಕಾ ದೋಣಿ ಮಾರಿ ಐಸ್ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಸೇರಿದ್ದಾರೆ. ನಾನು ಆಗಾಗ ಫೋನು ಮಾಡುತ್ತೇನೆ, ಅವರು ಎತ್ತುತ್ತಾರೆ. ನಿಮ್ಮಲ್ಲಿ ಮಳೆ ಹೇಗುಂಟು ಎಂದು ಕೇಳುತ್ತಾರೆ, ಅಪ್ಪನ ಆರೋಗ್ಯ ಕೇಳುತ್ತಾರೆ. ಕಾಕು ಎಲ್ಲಿ ಎಂದು ಕೇಳಿದರೆ, ಇಲ್ಲೇ ಇದ್ದಾಳೆ ಅನ್ನುತ್ತಾರೆ. ಅವಳು ಇನ್ನೂ ಫೋನಿಗೆ ಬಂದಿಲ್ಲ.