ಕೊಕ್ಕರೆಯ ಏಣಿ

ಅಪ್ಪ ಅಮ್ಮ ಇಟ್ಟ ಹೆಸರೊಂದು ಅವನಿಗೂ ಇತ್ತು. ಆದರೆ ಬಣ್ಣದ ಕೆಲಸದವರ ನಡುವೆ ಆ ಹೆಸರು ಹೇಳಿ ಹುಡುಕಿದರೆ ಯಾರೂ ಸಿಗುತ್ತಿರಲಿಲ್ಲ, ಕೊಕ್ಕರೆ ಎಂದರೆ ಮಾತ್ರ ಸಿಗುತ್ತಿದ್ದ. ಉದ್ದ ಕಾಲು, ಸಣ್ಣ ತಲೆ, ಮುಂದಕ್ಕೆ ಚಾಚಿದ ಕತ್ತು. ಹೆಸರಿಟ್ಟವನದು ತಪ್ಪೇನೂ ಇರಲಿಲ್ಲ ಬಿಡಿ. ಜೋಡಿ ಏಣಿಯ ತುದಿಯಲ್ಲಿ ಆ ಬದಿಗೊಂದು ಈ ಬದಿಗೊಂದು ಕಾಲು ಹಾಕಿ ನಿಂತು ಚಾವಣಿಗೆ ಬಣ್ಣ ಬಳಿಯುವುದು ಅವನ ಕೆಲಸ. ಗೋಡೆಯ ಕೆಳಭಾಗ, ಕಿಟಕಿ, ಬಾಗಿಲು ಹೆಂಡತಿಯ ಪಾಲು. ಮೇಲಿನದು ನನ್ನದು, ಕೆಳಗಿನದು ನಿನ್ನದು ಎಂದು ಮದುವೆಯಾದ ಹೊಸದರಲ್ಲೇ ಅವನು ಹೇಳಿದ್ದ, ಆಸ್ತಿ ಹಂಚಿಕೊಟ್ಟವನ ಗತ್ತಿನಲ್ಲಿ.

ಚಾವಣಿಯ ಒಂದು ಮೂಲೆ ಮುಗಿದರೆ ಉಳಿದವರು ಕೆಳಗಿಳಿದು, ಏಣಿಯನ್ನು ಎತ್ತಿ ಮುಂದಿಟ್ಟು, ಮತ್ತೆ ಹತ್ತುತ್ತಾರೆ. ಕೊಕ್ಕರೆ ಇಳಿಯುತ್ತಿರಲಿಲ್ಲ. ಮೇಲೆ ನಿಂತಲ್ಲೇ ಸೊಂಟ ಹೊರಳಿಸಿ, ಪಾದ ಒತ್ತಿ, ಏಣಿಯ ಕಾಲುಗಳನ್ನು ಒಂದಾದ ಮೇಲೊಂದರಂತೆ ನೆಲದಿಂದ ಎಬ್ಬಿಸಿ ಮುಂದಕ್ಕೆ ಹಾಕಿಸುತ್ತಿದ್ದ. ಟಕ್ ಟಕ್ ಎನ್ನುತ್ತ ಏಣಿ ಅವನನ್ನು ಹೊತ್ತುಕೊಂಡು ಈ ಗೋಡೆಯಿಂದ ಆ ಗೋಡೆಗೆ ಹೋಗುತ್ತಿತ್ತು. ಬಣ್ಣದವರು ಇದಕ್ಕೆ ಏಣಿ ನಡೆಸುವುದು ಅನ್ನುತ್ತಾರೆ. ಒಂದೆರಡು ಹೆಜ್ಜೆ ಯಾರಾದರೂ ನಡೆಸಿಯಾರು. ಕೈಯಲ್ಲಿ ತುಂಬಿದ ಡಬ್ಬ ಹಿಡಿದು, ಬಾಯಲ್ಲಿ ಹಾಡು ಗುನುಗುತ್ತ, ಮಂಚ ಮೇಜುಗಳನ್ನು ಬಳಸಿಕೊಂಡು ಇಡೀ ಕೋಣೆ ಸುತ್ತುವವನು ಇವನೊಬ್ಬನೇ. ಪಾಪ ಎಂದು ಯಾರಾದರೂ ಏಣಿ ಹಿಡಿಯಲು ಬಂದರೆ, “ಕೈ ಬಿಡಪ್ಪಾ, ಹಿಡ್ಕೊಂಡ್ರೆ ಅದು ನಡೆಯಲ್ಲ” ಎಂದು ಗದರುತ್ತಿದ್ದ.

ಒಂದು ದೊಡ್ಡ ಹಜಾರದ ಕೆಲಸದಲ್ಲಿ ನೆಲಕ್ಕೆ ಹಾಸಿದ್ದ ಪ್ಲಾಸ್ಟಿಕ್ ಹಾಳೆ ಸುಕ್ಕುಗಟ್ಟಿ ಏಣಿಯ ಕಾಲು ಅದಕ್ಕೆ ಸಿಕ್ಕಿಕೊಂಡಿತು. ಏಣಿ ವಾಲಿದ್ದೇ ಕೊಕ್ಕರೆ ಜಿಗಿದ. ಬಲಪಾದ ಒಳಮುಖವಾಗಿ ಮಡಚಿಕೊಂಡು, ಮೈಯ ಭಾರವೆಲ್ಲ ಅದರ ಮೇಲೆ ಬಿತ್ತು. ಟಪ್ ಎಂದದ್ದು ಕಿಟಕಿ ಉಜ್ಜುತ್ತಿದ್ದ ಹೆಂಡತಿಗೂ ಕೇಳಿಸಿತು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ, “ಮೂಳೆ ಮುರಿದಿಲ್ಲ” ಎಂದರು. ಆಮೇಲೆ ಹೇಳಿದ್ದೇ ಮುಖ್ಯವಾದದ್ದು. “ಎರಡು ಮೂಳೆ ಹಿಡಿದಿಟ್ಕೊಳ್ಳೋ ಪಟ್ಟಿ ಇರುತ್ತೆ, ಲಿಗಮೆಂಟು ಅಂತ. ಅದು ಅರ್ಧ ಹರಿದಿದೆ. ಪಾದ ಅಲುಗಬಾರದು ಅಂತ ಈ ಬೂಟು ಹಾಕಿದೀವಿ. ಮಂಜುಗಡ್ಡೆ ಇಡೋ ಹೊತ್ತು ಬಿಟ್ರೆ ನಾನು ಹೇಳೋವರೆಗೂ ತೆಗೀಬೇಡಿ, ನೋವು ಹೋದ್ರೂ ತೆಗೀಬೇಡಿ. ಆಮೇಲೆ ವ್ಯಾಯಾಮ ಮಾಡಿ. ಮೊದಲಿನ ಹಾಗೇ ಆಗುತ್ತೆ.”

“ಏಣಿ ಹತ್ತಬಹುದಾ?” ಅವನು ಕೇಳಿದ್ದು ಅದೊಂದೇ.

“ಹತ್ತಬಹುದು. ಆದ್ರೆ ಅವಸರ ಮಾಡಬೇಡಿ.”

ಮನೆಯಲ್ಲಿ ಹೆಂಡತಿ ದಿಂಬಿನ ಮೇಲೆ ಕಾಲಿಡಿಸಿ, ಬಟ್ಟೆಯಲ್ಲಿ ಮಂಜುಗಡ್ಡೆ ಸುತ್ತಿ ಇಟ್ಟಳು. ಬಾವು ಇಳಿಯಿತು. ನೇರಳೆಗಟ್ಟಿದ್ದ ಚರ್ಮ ಹಸಿರಾಗಿ, ಹಳದಿಯಾಗಿ, ಕೊನೆಗೆ ಚರ್ಮದ ಬಣ್ಣಕ್ಕೇ ಬಂತು. ಮುಂದೆ ಮಾಡಬೇಕಾದ ವ್ಯಾಯಾಮದ ಚಿತ್ರದ ಹಾಳೆಯೊಂದನ್ನು ಕೊಟ್ಟಿದ್ದರು. ಗೋಡೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು ಅದರಲ್ಲಿತ್ತು. ಅವನಿಗೆ ನಗು ತಡೆಯಲಾಗಲಿಲ್ಲ. “ನೋಡೇ ಇಲ್ಲಿ, ಕೊಕ್ಕರೆಗೆ ಒಂಟಿಕಾಲಲ್ಲಿ ನಿಲ್ಲೋದು ಹೇಳ್ಕೊಡ್ತಾರಂತೆ!” ಹೆಂಡತಿ ನಗಲಿಲ್ಲ.

ಅಷ್ಟರಲ್ಲಿ ಮೇಸ್ತ್ರಿಯ ಫೋನ್ ಬಂತು. ಶಾಲೆಯೊಂದರ ಚಾವಣಿಯ ಕೆಲಸ, ನಿನಗಾಗದಿದ್ದರೆ ಹೇಳು, ಬೇರೆಯವನನ್ನು ಹತ್ತಿಸುತ್ತೇನೆ ಎಂದ ಮೇಸ್ತ್ರಿ. ತನ್ನ ಏಣಿಯ ಮೇಲೆ ಬೇರೆಯವನು! ಕೊಕ್ಕರೆಗೆ ಮೈಯೆಲ್ಲ ಉರಿದುಹೋಯಿತು. ಅಂದೇ ಬೂಟು ಕಿತ್ತಿಟ್ಟ.

“ರೀ, ಡಾಕ್ಟರಮ್ಮ ಏನು ಹೇಳಿದ್ರು?”

“ಮೂಳೆ ಮುರಿದಿಲ್ಲ ಅಂದ್ರು.”

“ಅದಾದ್ಮೇಲೆ?”

“ಅದಾದ್ಮೇಲೆ ಹೇಳೋದೆಲ್ಲ ಅವರ ಬಾಯಿ ಅಭ್ಯಾಸ ಕಣೆ. ನೋವಿಲ್ಲ ಅಂದ್ಮೇಲೆ ವಾಸಿ ಆಯ್ತು ತಾನೇ?”

ಅವನ ಹಟದ ಮುಂದೆ ಅವಳ ಆಟ ನಡೆಯಲಿಲ್ಲ. ಅವನ ಕಾಲಿಗೆ ಬಟ್ಟೆ ಬಿಗಿದು ಕಟ್ಟಿ, ಹಿಂದೆಯೇ ಹೋದಳು. ಶಾಲೆಯಲ್ಲಿ ಅವನು ಏಣಿ ಹತ್ತಿದ, ನಿಂತ, ಒಂದು ಮೂಲೆ ಬಳಿದೂ ಮುಗಿಸಿದ. ಅಲ್ಲಿಗೆ ಇಳಿದು, ಏಣಿಯನ್ನು ಕೈಯಲ್ಲಿ ಎತ್ತಿ ಮುಂದಿಟ್ಟಿದ್ದರೆ ಬಚಾವಾಗುತ್ತಿದ್ದನೋ ಏನೋ. ಕೆಳಗೆ ಮೇಸ್ತ್ರಿ ಇದ್ದ, ಉಳಿದ ಬಣ್ಣದವರಿದ್ದರು, ಎಲ್ಲರ ಕಣ್ಣೂ ಕೊಕ್ಕರೆಯ ಮೇಲೆಯೇ. ಅವನು ಸೊಂಟ ಹೊರಳಿಸಿ ಪಾದ ಒತ್ತಿದ. ಏಣಿ ಒಂದು ಹೆಜ್ಜೆ ಇಟ್ಟಿತು. ಮತ್ತೆ ಒತ್ತಿದಾಗ ಬಲಪಾದದ ಕೀಲು ಕೈಕೊಟ್ಟಿತು. ಮೆಟ್ಟಿಲುಗಳ ನಡುವೆ ಪಾದ ಸಿಕ್ಕಿಕೊಂಡಿತು, ಮೈ ಮಾತ್ರ ಕೆಳಗೆ ಬಂತು. ಅರ್ಧ ಹರಿದಿದ್ದ ಪಟ್ಟಿ ಪೂರ್ತಿ ಹರಿಯಿತು, ಅದರ ಪಕ್ಕದಲ್ಲಿ ಗಟ್ಟಿಯಾಗಿದ್ದ ಇನ್ನೊಂದೂ ಹರಿಯಿತು.

ಆಪರೇಷನ್ ಆಯಿತು. ಪ್ಲಾಸ್ಟರ್ ಹಾಕಿದರು, ಬಿಚ್ಚಿದರು. ಒಳಗಿಂದ ಹೊರಬಂದ ಕಾಲು ಯಾರದ್ದೋ ಎನ್ನುವ ಹಾಗೆ ಬಡಕಲಾಗಿತ್ತು. ಈ ಸಲ ಅವನು ಒಂದು ವ್ಯಾಯಾಮವನ್ನೂ ತಪ್ಪಿಸಲಿಲ್ಲ. ಪಾದಕ್ಕೆ ರಬ್ಬರ್ ಪಟ್ಟಿ ಸಿಕ್ಕಿಸಿ ಎಳೆದ, ಹಲ್ಲು ಕಚ್ಚಿ ಬೆರಳ ತುದಿಯ ಮೇಲೆ ಎದ್ದ. ನಗೆಯಾಡಿದ್ದ ಒಂಟಿಕಾಲ ನಿಲುವು ಮಾತ್ರ ಒಲಿಯಲಿಲ್ಲ. ಕಣ್ಣು ಬಿಟ್ಟಿದ್ದಾಗ ಹೇಗೋ ನಿಲ್ಲುತ್ತಿದ್ದ. ಮುಚ್ಚಿದರೆ ಸಾಕು, ಮಗುವಿನ ಹಾಗೆ ಪಕ್ಕಕ್ಕೆ ಬೀಳುತ್ತಿದ್ದ. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವವನು ಪ್ರತಿ ಸಲ ತೋಳು ಹಿಡಿದು ನಿಲ್ಲಿಸುತ್ತಿದ್ದ.

“ಹರಿದದ್ದನ್ನ ಹೊಲಿದಾಗಿದೆ ಅಣ್ಣ,” ಎಂದ ಅವನು ಒಂದು ದಿನ. “ಆದ್ರೆ ಪಾದ ಯಾವ ಕಡೆ ವಾಲ್ತಿದೆ ಅಂತ ಒಳಗಿಂದ ಸುದ್ದಿ ಬರಬೇಕಲ್ಲ, ಅದು ನಿಮಗೆ ತಡವಾಗಿ ಬರ್ತಿದೆ. ಇಷ್ಟು ದಿನದಲ್ಲಿ ಸರಿಹೋಗಬೇಕಿತ್ತು.”

“ಎಷ್ಟು ತಡ?”

“ಬೀದೀಲಿ ಓಡಾಡೋಕೆ ತೊಂದ್ರೆ ಇಲ್ಲ. ಏಣಿಗೆ ಆಗಲ್ಲ.”

ಡಾಕ್ಟರಮ್ಮನೂ ಅದನ್ನೇ ಹೇಳಿದರು. ಅಂದಿನಿಂದ ಕೊಕ್ಕರೆ ಹಾಸಿಗೆ ಹಿಡಿದ. ಕಾಲಿಗೇನೂ ಹಾಸಿಗೆ ಬೇಕಿರಲಿಲ್ಲ, ಬೇಕಾಗಿದ್ದು ಅವನಿಗೆ. ಅಂಗಾತ ಮಲಗಿದರೆ ಕಣ್ಣೆದುರು ಚಾವಣಿ. ಕಂಡವರ ಚಾವಣಿಗೆಲ್ಲ ಬಣ್ಣ ಬಳಿದವನ ಸ್ವಂತ ಕೋಣೆಯ ಚಾವಣಿ ಹಕ್ಕಳೆ ಎದ್ದು ಉದುರುತ್ತಿತ್ತು. ನಾಳೆ ಮಾಡಿದರಾಯಿತು ಎಂದು ವರ್ಷಗಟ್ಟಲೆ ತಳ್ಳಿದ್ದ. ಈಗ ಅದೂ ಕೈಗೆಟುಕದೆ ಹೋಯಿತು. ಹೆಂಡತಿ ಒಬ್ಬಳೇ ಕೆಲಸಕ್ಕೆ ಹೋಗಿ ಬರುತ್ತಿದ್ದಳು. ಅವಳ ತಲೆಗೂದಲಲ್ಲಿ ಬಣ್ಣದ ಹನಿ ಕಂಡರೆ ಮುಖ ತಿರುಗಿಸುತ್ತಿದ್ದ.

“ಬಿದ್ದಾಗಲೇ ಸತ್ತಿದ್ರೆ ಚೆನ್ನಾಗಿತ್ತು,” ಎಂದ ಒಂದು ಸಂಜೆ.

ತಟ್ಟೆ ಇಡುತ್ತಿದ್ದವಳು ಹಾಗೆಯೇ ನಿಂತಳು. “ಏಣಿ ಹತ್ತೋಕಾಗಲ್ಲ ಅಂತ ಸಾಯೋದಾದ್ರೆ ನಾನು ಎಂದೋ ಸಾಯಬೇಕಿತ್ತು. ಒಂದು ದಿನಾನಾದ್ರೂ ನನ್ನನ್ನ ಹತ್ತಿಸಿದ್ರಾ ನೀವು?”

ಮರುದಿನ ಅವಳೇ ಎಬ್ಬಿಸಿ ಕರೆದೊಯ್ದಳು. ಒಂದು ಸಣ್ಣ ಕೋಣೆ, ಹೇಗೂ ಇಬ್ಬರಿಗೆ ಸಾಕಾಗುವ ಕೆಲಸ. ಅವಳು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವನ ಏಣಿ ಹತ್ತಿದಳು. ಅವನು ಎರಡೂ ಕೈಯಲ್ಲಿ ಏಣಿಯನ್ನು ಭದ್ರವಾಗಿ ಹಿಡಿದ. ಮುಖದ ಮಟ್ಟಕ್ಕೆ ಅವಳ ಬಿರುಕುಬಿಟ್ಟ ಹಿಮ್ಮಡಿ. ಇಷ್ಟಾದರೂ ನನ್ನಿಂದ ಆಗುತ್ತದಲ್ಲ ಎಂದು ಎಷ್ಟೋ ದಿನದ ಮೇಲೆ ಮನಸ್ಸು ಒಂದಿಷ್ಟು ಹಗುರಾಯಿತು.

ಮೂಲೆ ಮುಗಿಯಿತು.

“ಇಳಿ, ಏಣಿ ಮುಂದಿಡ್ತೀನಿ.”

ಅವಳು ಇಳಿಯಲಿಲ್ಲ. “ರೀ, ಕೈ ಬಿಡಿ.”

“ಯಾಕೆ?”

“ಹಿಡ್ಕೊಂಡ್ರೆ ನಡೆಯಲ್ಲ.”

ಅವನು ಹಿಡಿತ ಇನ್ನಷ್ಟು ಬಿಗಿ ಮಾಡಿದ. “ಬೇಡ ಕಣೆ. ನನ್ನ ಕಾಲು ನೋಡಿಲ್ವಾ ನೀನು?”

“ನಿಮ್ಮ ಕಾಲು ನೋಡ್ಕೊಂಡೇ ಕಲ್ತಿದ್ದು. ಇಷ್ಟು ವರ್ಷ ಕೆಳಗೆ ಕೂತಿದ್ದೋಳು ಇನ್ನೇನು ನೋಡ್ಲಿ? ನೀವು ಹಾಸಿಗೇಲಿದ್ದಾಗ ದಿನಾ ನಡೆಸಿದೀನಿ. ಕೈ ಬಿಡಿ.”

ಅವನು ಕೈ ಬಿಟ್ಟ. ಏಣಿ ಟಕ್ ಎಂದಿತು, ಮತ್ತೆ ಟಕ್ ಎಂದಿತು. ಅವನ ಹಾಗೆ ಅವಳು ಸೊಂಟ ಹೊರಳಿಸಲಿಲ್ಲ, ಹಾಡಲೂ ಇಲ್ಲ. ಆದರೂ ಏಣಿ ಅವನ ಕಾಲದಲ್ಲಿ ನಡೆದದ್ದಕ್ಕಿಂತ ಮೆತ್ತಗೆ, ಅಲುಗದೆ ನಡೆಯಿತು. ಅದು ಅವನಿಗಷ್ಟೇ ತಿಳಿಯಬಹುದಾದ ವಿಷಯ. ಭೇಷ್ ಅನ್ನಬೇಕೆನಿಸಿತು. ಜೊತೆಗೇ ಹೊಟ್ಟೆಕಿಚ್ಚಿಗೆ ಕಣ್ಣೂ ತುಂಬಿಕೊಂಡಿತು. ಏಣಿ ಆಚೆ ಗೋಡೆ ತಲುಪಿದರೂ ಅವನ ಕೈಗಳು ಮೊದಲಿದ್ದಲ್ಲೇ ಗಾಳಿಯಲ್ಲಿದ್ದವು.

“ಕೆಳಗಿನ ಗೋಡೆ ಉಜ್ಜಿ ಆಯ್ತಾ?” ಎಂದಳು ಅವಳು, ಚಾವಣಿಯಿಂದ ಕಣ್ಣು ಕೀಳದೆ.

“ಇಲ್ಲ,” ಎಂದ. ಉಜ್ಜುವ ಕಾಗದ ಹುಡುಕಿ ತಂದು, ಬಲಗಾಲನ್ನು ಮುಂದಕ್ಕೆ ಚಾಚಿ, ಗೋಡೆಯ ಬುಡದಲ್ಲಿ ಕುಳಿತ.